ಬರ್ಗರ್‌ನೊಳಗೆ ಇಡೀ ತುಂಡೋ, ಖೀಮಾವೋ?

ಮಾನ್ಯ ಸಂಪಾದಕರೆ,

ಕಲಬುರಗಿಯ ಸೇಡಂ ರಸ್ತೆ, ಜಗತ್ ವೃತ್ತ, ಸೂಪರ್ ಮಾರ್ಕೆಟ್ ಕಡೆ ಸಂಜೆ ಹೊತ್ತು ಚಿಕನ್ ಬರ್ಗರ್‌ಗೆ ಒಳ್ಳೆಯ ಗಿರಾಕಿ ಇದೆ. ದೊಡ್ಡ ಕಂಪನಿಗಳ ಬರ್ಗರ್‌ಗೂ ನಮ್ಮ ಅಂಗಡಿಗಳ ಬರ್ಗರ್‌ಗೂ ಹೋಲಿಕೆ ನಡೆಯುವುದು ಬಹುತೇಕ ಬೆಲೆ ಮತ್ತು ಗಾತ್ರದ ಮೇಲೆ. ಅದಕ್ಕೂ ಮೊದಲು ಕೇಳಬೇಕಾದ್ದು ಒಂದೇ: ಬನ್ನಿನೊಳಗೆ ಇರುವುದು ಕೋಳಿಯ ಇಡೀ ತುಂಡೋ, ಖೀಮಾ ತಟ್ಟಿ ಮಾಡಿದ ಟಿಕ್ಕಿಯೋ?

ಅಮೆರಿಕದಲ್ಲಿ ಇಡೀ ತುಂಡು ಇಟ್ಟರೆ ಅದನ್ನು ಸ್ಯಾಂಡ್‌ವಿಚ್ ಎನ್ನುತ್ತಾರೆ. ನಮ್ಮಲ್ಲಿ ಎರಡಕ್ಕೂ ಬರ್ಗರ್ ಎಂದೇ ಹೆಸರು. ಹಾಗಾಗಿ ಹೆಸರು ನೋಡಿ ಒಳಗಿನದು ತಿಳಿಯುವುದಿಲ್ಲ. 1980ರಲ್ಲಿ ಅಲ್ಲಿ ಶುರುವಾದ ಮೆಕ್‌ಡೊನಾಲ್ಡ್ಸ್‌ನ ಮೆಕ್‌ಚಿಕನ್ ಖೀಮಾ ಟಿಕ್ಕಿ. ಎಲ್ಲಿ ಕಚ್ಚಿದರೂ ಒಂದೇ ಮೆತ್ತಗೆ, ತೆಳು ಹೊದಿಕೆ, ಮೇಲೆ ಮಯೋನೀಸ್ ಮತ್ತು ಸೊಪ್ಪು. ಕೆಎಫ್‌ಸಿಯ ಜಿಂಗರ್ 1984ರಲ್ಲಿ ಟ್ರಿನಿಡಾಡ್ ಮತ್ತು ಟೊಬಾಗೊದಲ್ಲಿ ಬಂದದ್ದು. ಇಡೀ ತುಂಡಿಗೆ ಅಂಗಡಿಯಲ್ಲೇ ಹಿಟ್ಟು ಹಚ್ಚಿ ಕರಿಯುತ್ತಾರೆ, ಅದಕ್ಕೇ ಮೇಲ್ಪದರ ಗರಿಗರಿಯಾಗಿ ಏಳುತ್ತದೆ. ಪಾಪೈಸ್ 2019ರ ಆಗಸ್ಟ್‌ನಲ್ಲಿ ಅಮೆರಿಕದಲ್ಲಿ ತಂದ ಸ್ಯಾಂಡ್‌ವಿಚ್ ಎರಡು ವಾರದಲ್ಲೇ ಖಾಲಿಯಾಗಿತ್ತು. ಮಜ್ಜಿಗೆಯ ಹಿಟ್ಟಿನಲ್ಲಿ ಅದ್ದಿದ ತುಂಡು, ಬೆಣ್ಣೆ-ಮೊಟ್ಟೆ ಹಾಕಿದ ಮೆತ್ತನೆ ಬನ್ನು, ದಪ್ಪ ಹುಳಿ ಸೌತೆ ಬಿಲ್ಲೆ, ಇಷ್ಟೇ ಅದರ ಗುಟ್ಟು. ಆ ಕಂಪನಿ 2022ರ ಜನವರಿಯಲ್ಲಿ ಬೆಂಗಳೂರಿಗೂ ಬಂತು. ನಮ್ಮ ದೇಶದಲ್ಲಿಲ್ಲದ ಚಿಕ್-ಫಿಲ್-ಎ ಇವೆಲ್ಲಕ್ಕಿಂತ ಸರಳ: ಪ್ರೆಷರ್ ಕುಕ್ಕರಿನಂಥ ಪಾತ್ರೆಯಲ್ಲಿ ಶುದ್ಧೀಕರಿಸಿದ ಶೇಂಗಾ ಎಣ್ಣೆ, ಬೆಣ್ಣೆ ಹಚ್ಚಿದ ಬನ್ನು, ಎರಡು ಹುಳಿ ಸೌತೆ ಬಿಲ್ಲೆ. ಸಾಸೇ ಇಲ್ಲ. ಮಾಂಸ ಚೆನ್ನಾಗಿದ್ದರೆ ಮುಚ್ಚಿಡುವುದೇನೂ ಇರುವುದಿಲ್ಲ ಎಂಬುದಕ್ಕೆ ನಮ್ಮ ಮಟ್ಟಿಗೆ ಇದೇ ಸಾಕ್ಷಿ.

ಶೇಂಗಾ ಎಣ್ಣೆ ನಮಗೇನೂ ಹೊಸದಲ್ಲ, ತಾಜಾ ಕೋಳಿಯೂ ಇಲ್ಲಿ ದಿನಾ ಸಿಗುತ್ತದೆ. ಆದರೂ ಬಹಳ ಕಡೆ ಫ್ರೀಜರ್‌ನ ಖೀಮಾ ಟಿಕ್ಕಿಯನ್ನೇ ಕರಿದು ಕೊಡುತ್ತಾರೆ. ಇಡೀ ತುಂಡು ಕೆಡುತ್ತದೆ, ಗಟ್ಟಿಯಾಗುತ್ತದೆ ಎಂಬ ಭಯ. ಗಟ್ಟಿಯಾಗುವುದು ಎದೆಯ ಮಾಂಸ. ಮೂಳೆ ತೆಗೆದ ತೊಡೆ ತೆಗೆದುಕೊಂಡರೆ ಒಂದೆರಡು ನಿಮಿಷ ಹೆಚ್ಚು ಬೆಂದರೂ ರಸ ಉಳಿಯುತ್ತದೆ. ಒಂದು ಬರ್ಗರ್‌ಗೆ 110–120 ಗ್ರಾಂ ಹಸಿ ತೂಕ ಸಾಕು. ದಪ್ಪ ಕಡೆ ತಟ್ಟಿ ಎಲ್ಲೆಡೆ ಒಂದೂವರೆ ಸೆಂಟಿಮೀಟರ್ ಮಾಡಬೇಕು, ಇಲ್ಲವಾದರೆ ಅಂಚು ಸೀದು ನಡುವೆ ಹಸಿ ಉಳಿಯುತ್ತದೆ.

ಒಂದು ಕಿಲೋ ಮಾಂಸಕ್ಕೆ ಅರ್ಧ ಲೀಟರ್ ಮಜ್ಜಿಗೆ, 20 ಗ್ರಾಂ ಉಪ್ಪು, ಬೆಳ್ಳುಳ್ಳಿ, ಬ್ಯಾಡಗಿ ಪುಡಿ ಸೇರಿಸಿ ಫ್ರಿಜ್‌ನಲ್ಲಿ ನಾಲ್ಕು ತಾಸು ಇಡಿ. ಹುಳಿ ಮೊಸರಲ್ಲಿ ಒಂದು ದಿನಕ್ಕಿಂತ ಹೆಚ್ಚು ಬಿಟ್ಟರೆ ಮೇಲ್ಮೈ ಹಿಟ್ಟಿನಂತೆ ಕರಗುತ್ತದೆ. ಬಣ್ಣಕ್ಕೆ ಬ್ಯಾಡಗಿಯೇ ಸಾಕು. ಕಬಾಬ್‌ಗೆ ಕೃತಕ ಬಣ್ಣ ಹಾಕುವುದನ್ನು ರಾಜ್ಯ ಸರ್ಕಾರ 2024ರ ಜೂನ್‌ನಲ್ಲಿ ನಿಷೇಧಿಸಿದೆ. ಅದೇ ಕೆಂಪು ಪುಡಿ ಬರ್ಗರ್ ತುಂಡಿಗೆ ಬೀಳುವುದು ನಿಲ್ಲಬೇಕು. ಹೊದಿಕೆಗೆ ನಾಲ್ಕು ಪಾಲು ಮೈದಾ, ಒಂದು ಪಾಲು ಕಾರ್ನ್‌ಫ್ಲೋರ್, ಅಳತೆಯ ಉಪ್ಪು-ಖಾರ. ತುಂಡನ್ನು ಹಿಟ್ಟಿನಲ್ಲಿ ಹೊರಳಿಸಿ, ತಣ್ಣೀರಲ್ಲಿ ಎರಡು ಸೆಕೆಂಡ್ ಅದ್ದಿ, ಮತ್ತೆ ಹಿಟ್ಟಿನಲ್ಲಿ ಒತ್ತಿ ಕೊಡವಬೇಕು. ಆ ಎರಡನೇ ಸುತ್ತಿನಲ್ಲೇ ಚಕ್ಕೆ ಏಳುವುದು. ಹತ್ತು ನಿಮಿಷ ಬಿಟ್ಟು ಕರಿದರೆ ಹಿಟ್ಟು ಮಾಂಸಕ್ಕೆ ಅಂಟುತ್ತದೆ. ಆತುರ ಮಾಡಿದರೆ ಕಡಾಯಿಯಲ್ಲೇ ಕಳಚುತ್ತದೆ.

ಎಣ್ಣೆ 170–175 ಡಿಗ್ರಿ ಇರಬೇಕು, ತುಂಡಿಗೆ ಆರೇಳು ನಿಮಿಷ. ಒಳಗಿನ ಬಿಸಿ 74 ಡಿಗ್ರಿ ದಾಟಿದ್ದನ್ನು ಚುಚ್ಚಿ ನೋಡುವ ಥರ್ಮಾಮೀಟರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಚಿಕ್ಕ ಕಡಾಯಿಗೆ ಒಮ್ಮೆಲೇ ಎಂಟು ತುಂಡು ಹಾಕಿದರೆ ಎಣ್ಣೆ ತಣಿದು ಹೊದಿಕೆ ಎಣ್ಣೆ ಕುಡಿಯುತ್ತದೆ. ಗಿರಾಕಿ ದೂರುವ ಜಿಡ್ಡು ಬರುವುದು ಇಲ್ಲಿಂದ. ಕರಿದದ್ದನ್ನು ಜಾಲರಿಯ ಮೇಲೆ ಇಡಬೇಕು. ಹಳೆಯ ಪತ್ರಿಕೆಯ ಮೇಲೆ ಬೇಡ, ಶಾಯಿ ಆಹಾರಕ್ಕೆ ಇಳಿಯುತ್ತದೆ. ಬನ್ನಿನ ಒಳಮೈಯನ್ನು ತವಾದ ಮೇಲೆ ಕೆಂಪಗೆ ಸುಟ್ಟರೆ ಸಾಸ್ ಹೀರಿ ಮುದ್ದೆಯಾಗುವುದಿಲ್ಲ. ಪಾರ್ಸೆಲ್ ಡಬ್ಬಿಗೆ ಎರಡು ತೂತು ಬೇಕು. ಹಬೆ ಒಳಗೇ ನಿಂತರೆ ಮನೆ ಮುಟ್ಟುವಷ್ಟರಲ್ಲಿ ಎಲ್ಲ ಮೆತ್ತಗಾಗಿರುತ್ತದೆ.

ಇನ್ನು ಎಣ್ಣೆಯ ವಿಷಯ. ಕಂಪನಿಗಳು ನಮ್ಮವರಿಗಿಂತ ಮುಂದಿರುವುದು ರುಚಿಯಲ್ಲಲ್ಲ, ಇದರಲ್ಲಿ. ನಮ್ಮ ಭಾಗದ ಗಾಣದ ಕುಸುಬೆ ಎಣ್ಣೆ ಒಗ್ಗರಣೆಗೆ ಚೆಂದ, ಆದರೆ ಮತ್ತೆ ಮತ್ತೆ ಕರಿಯಲು ತಕ್ಕದ್ದಲ್ಲ. ಬಿಸಿಗೆ ಬೇಗ ಒಡೆಯುತ್ತದೆ. ಯಾವ ಎಣ್ಣೆಯಾದರೂ ಅದರಲ್ಲಿನ ಒಡೆದ ಅಂಶ, ಅಂದರೆ ಟೋಟಲ್ ಪೋಲಾರ್ ಕಾಂಪೌಂಡ್ಸ್, ಶೇ 25 ದಾಟಿದರೆ ಬಳಸುವಂತಿಲ್ಲ ಎಂಬ ನಿಯಮ 2018ರ ಜುಲೈ 1ರಿಂದ ಜಾರಿಯಲ್ಲಿದೆ. ತಳದ ಸೀದ ಹಿಟ್ಟನ್ನು ಪ್ರತಿ ಸರದಿಗೂ ಸೋಸಿ ತೆಗೆಯದಿದ್ದರೆ ಚಿಕನ್ ಕರಿದ ಎಣ್ಣೆ ಬಲು ಬೇಗ ಕಪ್ಪಾಗುತ್ತದೆ. ನೊರೆ ಆರದೆ ನಿಂತರೆ, ಕರಿಯುವ ಬಿಸಿ ಬರುವ ಮೊದಲೇ ಹೊಗೆ ಎದ್ದರೆ, ಬೆರಳಿಗೆ ಅಂಟಾದರೆ ಆ ಎಣ್ಣೆ ಮುಗಿಯಿತು. ಅದಕ್ಕೆ ಹೊಸದನ್ನು ಬೆರೆಸುವುದು ಬಹಳ ಕಡೆ ರೂಢಿ. ಹಳೆಯದು ಹೊಸದನ್ನೂ ಬೇಗ ಕೆಡಿಸುತ್ತದೆ.

ಮಯೋನೀಸ್ ಬಗ್ಗೆ ಒಂದು ಮಾತು. ಹಸಿ ಮೊಟ್ಟೆಯ ಮಯೋನೀಸನ್ನು ಪಕ್ಕದ ತೆಲಂಗಾಣ 2024ರ ಅಕ್ಟೋಬರ್‌ನಲ್ಲಿ ಒಂದು ವರ್ಷಕ್ಕೆ ನಿಷೇಧಿಸಿತ್ತು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮೂರಲ್ಲಿ ಅದನ್ನು ಗಾಡಿಯ ಮೇಲೆ ತೆರೆದಿಡುವುದು ಅಪಾಯ. ಮೊಟ್ಟೆ ಇಲ್ಲದ್ದನ್ನೇ ಬಳಸಿ, ಅರ್ಧ ತಾಸಿಗೆ ಬೇಕಾದಷ್ಟನ್ನೇ ಹೊರಗೆ ತೆಗೆಯಲಿ.

ಹತ್ತು ಅಥವಾ ಅದಕ್ಕಿಂತ ಹೆಚ್ಚು ಕಡೆ ಅಂಗಡಿ ಇರುವ ಕಂಪನಿ ಪ್ರತಿ ತಿನಿಸಿನ ಕ್ಯಾಲೊರಿಯನ್ನು ಮೆನುವಿನಲ್ಲಿ ಬರೆಯಬೇಕೆಂಬ ನಿಯಮವಿದೆ. ಒಂದೇ ಅಂಗಡಿಯವರಿಗೆ ಅದು ಅನ್ವಯಿಸದು. ಆದರೆ ‘ಇಡೀ ತುಂಡು’ ಅಥವಾ ‘ಖೀಮಾ’ ಎಂದು ಬೋರ್ಡಿನಲ್ಲಿ ಬರೆಯಲು ಖರ್ಚೇನಿಲ್ಲ. ಜಿಲ್ಲೆಯ ಆಹಾರ ಸುರಕ್ಷತಾ ಅಧಿಕಾರಿಗಳಲ್ಲೂ ಒಂದು ವಿನಂತಿ: ಎಣ್ಣೆ ಅಳೆಯುವ ಮೀಟರ್ ಹಿಡಿದು ಸಂಜೆ 7ರಿಂದ 9ರ ನಡುವೆ ಬನ್ನಿ. ಆ ಮೀಟರ್‌ಗೆ ಬಿಸಿ ಎಣ್ಣೆಯೇ ಬೇಕು, ಬೆಳಗಿನ ತಣ್ಣನೆ ಕಡಾಯಿಯಲ್ಲಿ ಅದು ಸರಿಯಾಗಿ ತೋರಿಸುವುದಿಲ್ಲ.

– ಹೋಟೆಲ್ ಅಡುಗೆ ಕೆಲಸದಲ್ಲಿರುವ ಓದುಗರು, ಕಲಬುರಗಿ