ಮಗಳಿಗೊಂದು ಪತ್ರ: ಫ್ರೋಜನ್ ಕ್ಯಾರೆಟ್‌ಗೆ ಒಗ್ಗರಣೆ ಕೊನೆಯಲ್ಲಿ

ಪ್ರೀತಿಯ ಪುಟ್ಟಿಗೆ ಅಪ್ಪನ ಆಶೀರ್ವಾದಗಳು.

ಇಲ್ಲಿ ನಾವೆಲ್ಲ ಕ್ಷೇಮ. ಮೈಸೂರಿನಲ್ಲಿ ಬೆಳಗಿನ ಚಳಿ ಶುರುವಾಗಿದೆ. ನಿನ್ನ ಮಿನಿಯಾಪೊಲಿಸ್ ಚಳಿಯ ಮುಂದೆ ಇದು ಏನೂ ಅಲ್ಲ ಅಂತ ಗೊತ್ತು, ಆದರೂ ಅಮ್ಮ ಸ್ವೆಟರ್ ತೆಗೆದಿದ್ದಾಳೆ.

ನೀನು ಅಮ್ಮನ ಜೊತೆ ಫೋನಿನಲ್ಲಿ ಮಾತಾಡುವಾಗ ಒಂದು ಮಾತು ನನ್ನ ಕಿವಿಗೆ ಬಿತ್ತು. ಡ್ಯೂಟಿ ಮುಗಿಸಿ ಬಂದ ದಿನ ಊಟಕ್ಕೆ ಬರೀ ಮೊಸರನ್ನ, ಉಪ್ಪಿನಕಾಯಿ ಅಂದೆ. ಫ್ರೀಜರ್‌ನಲ್ಲಿ ಕ್ಯಾರೆಟ್ ಪ್ಯಾಕೆಟ್ ಇದೆ, ಆದರೆ ಪಲ್ಯ ಮಾಡಿದರೆ ನೀರು ನೀರಾಗಿ, ಮೆತ್ತಗಾಗಿ, ಬಾಯಿಗೆ ಇಡೋಕೇ ಆಗಲ್ಲ ಅಂದೆ. ಅಮ್ಮ "ಹೋಗ್ಲಿ ಬಿಡು, ಅದನ್ನೆಲ್ಲ ತಿನ್ನಬೇಡ" ಅಂದಳು. ನನಗೆ ಮಾತ್ರ ಅದನ್ನು ಅಲ್ಲಿಗೇ ಬಿಡಲು ಮನಸ್ಸಾಗಲಿಲ್ಲ. ಫೋನಿನಲ್ಲಿ ಹೇಳಿದರೆ ಅಳತೆ, ಹೊತ್ತು ಯಾವುದೂ ನೆನಪಿರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಫ್ರೋಜನ್ ಅಂದರೆ ಹಳೆಯದು, ಸತ್ವ ಹೋದದ್ದು ಅನ್ನೋ ಭಾವನೆ ನಮ್ಮ ಮನೆಗಳಲ್ಲಿ ಗಟ್ಟಿಯಾಗಿ ಕೂತಿದೆ. ನಿನಗೂ ಆ ಅಳುಕು ಇದೆ. ದಯವಿಟ್ಟು ಬಿಟ್ಟುಬಿಡು. ಇಲ್ಲಿ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಲ್ಯಾಬಿನಲ್ಲಿ ನಾನು ದುಡಿದದ್ದೇ ಇಂಥ ವಿಷಯಗಳ ಜೊತೆ. ಕ್ಯಾರೆಟ್ ಹೊಲದಿಂದ ಬಂದ ಮೇಲೆ ಅದನ್ನು ತೊಳೆದು, ಸಿಪ್ಪೆ ತೆಗೆದು, ಹೆಚ್ಚಿ, ಕುದಿಯುವ ನೀರಿನಲ್ಲೋ ಹಬೆಯಲ್ಲೋ ಸ್ವಲ್ಪ ಹೊತ್ತು ಹಿಡಿಯುತ್ತಾರೆ. ಬಿಲ್ಲೆಗಳಾದರೆ 2 ನಿಮಿಷದಷ್ಟು. ಇದಕ್ಕೆ ಬ್ಲಾಂಚಿಂಗ್ ಅನ್ನುತ್ತಾರೆ. ತರಕಾರಿಯೊಳಗಿನ ಕಿಣ್ವಗಳು, ಅಂದರೆ ಎನ್‌ಜೈಮ್‌ಗಳು, ಫ್ರೀಜರ್‌ನಲ್ಲೂ ಪೂರ್ತಿ ಸುಮ್ಮನಿರುವುದಿಲ್ಲ. ನಿಧಾನವಾಗಿ ಬಣ್ಣ, ವಾಸನೆ ಎರಡನ್ನೂ ಕೆಡಿಸುತ್ತವೆ. ಬಿಸಿ ತಾಗಿದರೆ ಅವುಗಳ ಕೆಲಸ ನಿಲ್ಲುತ್ತದೆ. ಅದು ಸರಿಯಾಗಿ ನಿಂತಿದೆಯಾ ಅಂತ ನೋಡಲು ನಾವು ತರಕಾರಿಯನ್ನು ಅರೆದು ಟೆಸ್ಟ್ ಟ್ಯೂಬಿಗೆ ಹಾಕಿ, ಮೇಲೆ ಗ್ವಾಯಕಾಲ್ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಅನ್ನುವ ಎರಡು ರಾಸಾಯನಿಕ ಬಿಡುತ್ತಿದ್ದೆವು. ಕಂದುಗೆಂಪು ಬಣ್ಣ ಏರಿ ಬಂದರೆ ಕಿಣ್ವ ಇನ್ನೂ ಉಳಿದಿದೆ ಅಂತ ಲೆಕ್ಕ. ಬಣ್ಣ ಬರದಿದ್ದರೆ ಫ್ರೀಜರ್‌ಗೆ ಹೋಗಬಹುದು.

ಇದರಿಂದ ನಿನಗೆ ಬೇಕಾದ್ದು ಇಷ್ಟೇ: ಪ್ಯಾಕೆಟ್‌ನಲ್ಲಿರುವ ಕ್ಯಾರೆಟ್ ಹಸಿ ಅಲ್ಲ, ಅರ್ಧ ಬೆಂದದ್ದು.

ಇನ್ನು ನೀರಿನ ವಿಷಯ. ಕ್ಯಾರೆಟ್‌ನಲ್ಲಿ ನೂರಕ್ಕೆ 88ರಷ್ಟು ನೀರೇ ಇದೆ. ಆ ನೀರು ಹೆಪ್ಪುಗಟ್ಟುವಾಗ ಮಂಜಿನ ಹರಳಾಗಿ ಒಳಗಿನ ಜೀವಕೋಶಗಳ ಗೋಡೆ ಒಡೆಯುತ್ತದೆ. ನಿಧಾನವಾಗಿ ಹೆಪ್ಪುಗಟ್ಟಿದರೆ ಹರಳು ದೊಡ್ಡದು, ಬೇಗ ಹೆಪ್ಪುಗಟ್ಟಿದರೆ ಸಣ್ಣದು. ಕ್ಲಾರೆನ್ಸ್ ಬರ್ಡ್ಸ್‌ಐ ಅನ್ನುವ ಅಮೆರಿಕದವರು ಕೆನಡಾದ ಲ್ಯಾಬ್ರಡಾರ್ ಚಳಿಯಲ್ಲಿ ಇದನ್ನು ಕಣ್ಣಾರೆ ಕಂಡರು. ಅಲ್ಲಿ ನೀರಿನಿಂದ ಎಳೆದ ಮೀನು ಕೂಡಲೇ ಹೆಪ್ಪುಗಟ್ಟುತ್ತಿತ್ತು, ತಿಂಗಳುಗಳ ಮೇಲೆ ಬೇಯಿಸಿದರೂ ರುಚಿ ಕೆಟ್ಟಿರಲಿಲ್ಲ. ಆಮೇಲೆ ಅವರು ಬೇಗ ಹೆಪ್ಪುಗಟ್ಟಿಸುವ ಯಂತ್ರ ಮಾಡಿದರು. 1930ರಲ್ಲಿ ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್ ಊರಿನ ಅಂಗಡಿಗಳಲ್ಲಿ ಅಂಥ ಪ್ಯಾಕೆಟ್‌ಗಳು ಮಾರಾಟಕ್ಕೆ ಬಂದವು. ಕಾರ್ಖಾನೆಯ ಕ್ಯಾರೆಟ್‌ಗೂ ನೀನು ಮನೆಯ ಫ್ರೀಜರ್‌ನಲ್ಲಿ ಹೆಚ್ಚಿಟ್ಟ ಕ್ಯಾರೆಟ್‌ಗೂ ಇರುವ ವ್ಯತ್ಯಾಸ ಈ ವೇಗದ್ದು. ಆದರೆ ಎಷ್ಟೇ ಬೇಗ ಮಾಡಿದರೂ ಒಂದಷ್ಟು ಗೋಡೆ ಒಡೆದೇ ಒಡೆಯುತ್ತದೆ. ಹಾಗಾಗಿ ಬಿಸಿ ತಾಗಿದ ಕೂಡಲೇ ನೀರು ಹೊರಗೆ ಬರುತ್ತದೆ.

ಈಗ ನೋಡು, ನಾವು ಮನೆಯಲ್ಲಿ ಪಲ್ಯ ಹೇಗೆ ಮಾಡುತ್ತೇವೆ? ಮೊದಲು ಒಗ್ಗರಣೆ, ಅದರ ಮೇಲೆ ತರಕಾರಿ, ಉಪ್ಪು, ಒಂದು ಚೂರು ನೀರು ಚಿಮುಕಿಸಿ ಮುಚ್ಚಳ. ಹಸಿ ಕ್ಯಾರೆಟ್‌ಗೆ ಅದು ಸರಿ. ಫ್ರೋಜನ್ ಕ್ಯಾರೆಟ್‌ಗೆ ಅದರಲ್ಲಿ ಒಂದೂ ಹೊಂದುವುದಿಲ್ಲ. ಬಿಸಿ ಎಣ್ಣೆಗೆ ಮಂಜು ಬಿದ್ದರೆ ಕೈಮೇಲೆ ಸಿಡಿಯುತ್ತದೆ. ಗರಿಗರಿಯಾಗಿ ಹುರಿದ ಉದ್ದಿನಬೇಳೆ ಆ ನೀರಿನಲ್ಲಿ ನೆನೆದು ಮೆತ್ತಗಾಗುತ್ತದೆ. ಉಪ್ಪು ಇನ್ನಷ್ಟು ನೀರು ಎಳೆಯುತ್ತದೆ. ಮುಚ್ಚಳ ಆ ಹಬೆಯನ್ನು ಹೊರಗೆ ಬಿಡುವುದಿಲ್ಲ. ಅರ್ಧ ಬೆಂದಿದ್ದು ಅದರದ್ದೇ ನೀರಿನಲ್ಲಿ ಇನ್ನೊಂದು ಸಲ ಬೇಯುತ್ತದೆ. ನಿನ್ನ ಪಲ್ಯ ಆಗಿದ್ದು ಹೀಗೆ.

ಅದಕ್ಕೆ ಕ್ರಮವನ್ನೇ ತಿರುಗಿಸು. ಮೊದಲು ನೀರು ಹೋಗಲಿ, ಆಮೇಲೆ ಎಣ್ಣೆ, ಎಲ್ಲಕ್ಕಿಂತ ಕೊನೆಗೆ ಒಗ್ಗರಣೆ ಮತ್ತು ಉಪ್ಪು.

ನಿನ್ನ ಹತ್ತಿರ ಇರುವ ದೊಡ್ಡ, ದಪ್ಪ ತಳದ ಅಗಲ ಬಾಣಲೆ ತೆಗೆದುಕೋ. ಒಲೆ ಜೋರಾಗಿರಲಿ. ಬಾಣಲೆ ಚೆನ್ನಾಗಿ ಕಾದ ಮೇಲೆ 340 ಗ್ರಾಂ ಪ್ಯಾಕೆಟ್, ಅಂದರೆ ಅಲ್ಲಿನ 12 ಔನ್ಸ್, ಫ್ರೀಜರ್‌ನಿಂದ ನೇರವಾಗಿ ಅದಕ್ಕೆ ಸುರಿ. ಕರಗಿಸಬೇಡ, ತೊಳೆಯಬೇಡ, ಎಣ್ಣೆಯೂ ಬೇಡ. ಬಿಲ್ಲೆಗಳು ಒಂದರ ಮೇಲೊಂದು ಕೂರದ ಹಾಗೆ ಹರಡು. ನಾನ್‌ಸ್ಟಿಕ್ ಬಾಣಲೆಯನ್ನು ಹಾಗೆ ಖಾಲಿ ಕಾಯಿಸಬಾರದು. ನಿನ್ನ ಹತ್ತಿರ ಇರುವುದು ಅದೇ ಆದರೆ ಕ್ಯಾರೆಟ್ ಹಾಕಿದ ಮೇಲೇ ಒಲೆ ಹಚ್ಚು.

ಮೊದಲು ಮಂಜು ಕರಗಿ ತಳದಲ್ಲಿ ನೀರು ನಿಲ್ಲುತ್ತದೆ, ಬಳಬಳ ಕುದಿಯುತ್ತದೆ. ಗಾಬರಿಯಾಗಬೇಡ. ಸೌಟಿನಿಂದ ಜಾಸ್ತಿ ಕೆದಕಬೇಡ. ಐದಾರು ನಿಮಿಷದಲ್ಲಿ ಆ ನೀರು ಕಡಿಮೆಯಾಗುತ್ತಾ ಬರುತ್ತದೆ. ಆಗ ಕಿವಿಗೊಟ್ಟು ಕೇಳು. ಕುದಿಯುವ ಸದ್ದು ನಿಂತು ಸಣ್ಣಗೆ ಚುರ್ ಚುರ್ ಅನ್ನಲು ಶುರುವಾಗುತ್ತದೆ. ಒಂದು ಬಿಲ್ಲೆಯನ್ನು ಸರಿಸಿ ನೋಡಿದರೆ ಅದರ ಕೆಳಗೆ ಬಾಣಲೆ ಒಣಗಿರುತ್ತದೆ. ಇಷ್ಟು ಹೊತ್ತು ಮಂಕಾಗಿದ್ದ ಬಣ್ಣ ಗಾಢವಾಗಿರುತ್ತದೆ, ಅಂಚು ಸ್ವಲ್ಪ ಸುಕ್ಕಾಗಿರುತ್ತದೆ. ಅಲ್ಲಿಯವರೆಗೆ ಕಾಯಲೇಬೇಕು, ಪುಟ್ಟಿ. ಇಡೀ ಅಡುಗೆಯಲ್ಲಿ ತಾಳ್ಮೆ ಬೇಕಾದ ಜಾಗ ಇದೊಂದೇ. ಈಗ ಒಂದು ಟೇಬಲ್ ಚಮಚ ಎಣ್ಣೆ ಸುತ್ತಲೂ ಬಿಟ್ಟು, ಒಮ್ಮೆ ಮಗುಚಿ, ಮೂರು ನಾಲ್ಕು ನಿಮಿಷ ಹಾಗೇ ಬಿಡು. ಅಲ್ಲಲ್ಲಿ ಕಂದು ಕಲೆ ಬೀಳಲಿ. ಕ್ಯಾರೆಟ್‌ನ ಸಿಹಿ ಎದ್ದು ಬರುವುದು ಆ ಕಲೆಯಿಂದ.

ಅಷ್ಟರಲ್ಲಿ ಪಕ್ಕದ ಒಲೆಯಲ್ಲಿ ಒಗ್ಗರಣೆ ಸೌಟಿಟ್ಟು ಎಣ್ಣೆ, ಸಾಸಿವೆ, ಉದ್ದಿನಬೇಳೆ, ಕಡಲೆಬೇಳೆ, ಇಂಗು, ಒಂದು ಒಣಮೆಣಸಿನಕಾಯಿ, ಕರಿಬೇವು. ಎಕ್ಸಾಸ್ಟ್ ಫ್ಯಾನ್ ಮೊದಲೇ ಹಾಕಿಕೋ. ಮೆಣಸಿನಕಾಯಿ ಘಾಟಿಗೆ ನಿಮ್ಮ ಅಪಾರ್ಟ್‌ಮೆಂಟಿನ ಸ್ಮೋಕ್ ಅಲಾರಂ ಕೂಗಿಕೊಂಡರೆ ಆ ಚಳಿಯಲ್ಲಿ ಕಿಟಕಿ ತೆಗೆಯೋಕೂ ಆಗಲ್ಲ. ಒಲೆ ಆರಿಸಿ, ಒಗ್ಗರಣೆಯನ್ನು ಕ್ಯಾರೆಟ್ ಮೇಲೆ ಸುರಿ. ಉಪ್ಪು, ಒಂದು ಹಿಡಿ ಕಾಯಿತುರಿ, ಅರ್ಧ ನಿಂಬೆಹಣ್ಣು. ಇಂಡಿಯನ್ ಅಂಗಡಿಯಲ್ಲಿ ಸಿಗುವ ಫ್ರೋಜನ್ ಕಾಯಿತುರಿ ಆಗುತ್ತದೆ, ಆದರೆ ಅದನ್ನು ಮೊದಲೇ ಮೈಕ್ರೋವೇವ್‌ನಲ್ಲಿ ಬೆಚ್ಚಗೆ ಮಾಡಿಕೋ. ನಿಂಬೆ ಮರೆಯಬೇಡ. ಕ್ಯಾರೆಟ್ ತುಂಬ ಸಿಹಿ, ಹುಳಿ ಇಲ್ಲದಿದ್ದರೆ ನಾಲ್ಕು ತುತ್ತಿಗೇ ಸಾಕೆನಿಸುತ್ತದೆ.

ಎಲ್ಲ ಸೇರಿ ಕಾಲು ಗಂಟೆ. ತೊಳೆಯುವುದು, ಹೆರೆಯುವುದು, ಹೆಚ್ಚುವುದು ಇಲ್ಲ. ತಿಳಿಸಾರು ಅನ್ನಕ್ಕೆ ಇದಕ್ಕಿಂತ ಒಳ್ಳೆಯ ಜೊತೆ ನನಗೆ ಗೊತ್ತಿಲ್ಲ.

ನಿಂತು ಮಾಡಲು ಆಗದಷ್ಟು ದಣಿದ ದಿನ ಓವನ್ ಹಾಕು. 425 ಡಿಗ್ರಿ ಫ್ಯಾರನ್‌ಹೀಟ್. ಟ್ರೇಯನ್ನು ಒಳಗಿಟ್ಟೇ ಕಾಯಿಸು, ತೆಗೆಯುವಾಗ ಕೈಗೆ ದಪ್ಪ ಗ್ಲೌಸ್ ಇರಲಿ. ಕ್ಯಾರೆಟ್‌ಗೆ ಎಣ್ಣೆ, ಕುಟ್ಟಿದ ಜೀರಿಗೆ, ಕಾಳುಮೆಣಸಿನ ಪುಡಿ ಸವರಿ ಕಾದ ಟ್ರೇ ಮೇಲೆ ಹರಡು. ಇಪ್ಪತ್ತೈದರಿಂದ ಮೂವತ್ತು ನಿಮಿಷ, ನಡುವೆ ಒಮ್ಮೆ ತಿರುಗಿಸಿದರೆ ಸಾಕು. ಅಷ್ಟರಲ್ಲಿ ನಿನ್ನ ಸ್ನಾನ ಆಗುತ್ತದೆ. ಉಪ್ಪು, ನಿಂಬೆ ಮಾತ್ರ ಟ್ರೇ ಹೊರಗೆ ತೆಗೆದ ಮೇಲೆ ಹಾಕು.

ಅಲ್ಲಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬದೂಟಕ್ಕೆ ಆಸ್ಪತ್ರೆಯವರೆಲ್ಲ ಒಂದೊಂದು ತರುತ್ತಾರೆ, ನಾನೇನು ಒಯ್ಯಲಿ ಅಂತ ಕೇಳಿದ್ದೆ ಅಲ್ವಾ? ಅಲ್ಲಿನವರು ಬೆಣ್ಣೆ, ಬ್ರೌನ್ ಶುಗರ್ ಹಾಕಿ ಕ್ಯಾರೆಟ್ ಮಾಡುತ್ತಾರೆ. ಅದನ್ನೇ ನೀನು ಬೆಲ್ಲದಲ್ಲಿ ಮಾಡು. ಬಾಣಲೆಯಲ್ಲಿ ನೀರು ಹೋದ ಮೇಲೆ ಎಣ್ಣೆಯ ಬದಲು ಒಂದು ಚಮಚ ಬೆಣ್ಣೆ, ಒಂದು ಸಣ್ಣ ಚಮಚ ಬೆಲ್ಲದ ಪುಡಿ, ಚೂರು ತುರಿದ ಶುಂಠಿ. ಬೆಲ್ಲ ಕರಗಿ ಬಿಲ್ಲೆಗಳ ಮೈಗೆ ಹೊಳಪಾಗಿ ಅಂಟಿದ ಕೂಡಲೇ ಇಳಿಸು. ಇನ್ನೊಂದು ನಿಮಿಷ ಬಿಟ್ಟರೂ ಕಹಿಯಾಗುತ್ತದೆ. ಮೇಲೆ ಕಾಳುಮೆಣಸು ಧಾರಾಳವಾಗಿ. ಮಕ್ಕಳೂ ತಿನ್ನುತ್ತಾರೆ.

ಎಣ್ಣೆ, ಬೆಣ್ಣೆಗೆ ಹೆದರಬೇಡ. ಮೈಯೊಳಗೆ ಎ ವಿಟಮಿನ್ ಆಗುವ ಕ್ಯಾರೆಟ್‌ನ ಬೀಟಾ ಕ್ಯಾರೊಟಿನ್ ಮೈಗೆ ಸೇರಲು ಸ್ವಲ್ಪ ಜಿಡ್ಡು ಬೇಕೇ ಬೇಕು. ಫ್ರೀಜರ್‌ನಲ್ಲಿದ್ದರೂ ಅದು ಬಹುಪಾಲು ಉಳಿಯುತ್ತದೆ, ಬೇಯಿಸಿದಾಗ ಇನ್ನೂ ಸುಲಭವಾಗಿ ದಕ್ಕುತ್ತದೆ. ಬ್ಲಾಂಚಿಂಗ್‌ನಲ್ಲಿ ಒಂದಷ್ಟು ಸಿ ವಿಟಮಿನ್ ಹೋಗುವುದು ನಿಜ. ಅದು ನಿಂಬೆಹಣ್ಣಿನಲ್ಲಿ ಬರುತ್ತದೆ.

ಕೋಸಂಬರಿಗೆ ಮಾತ್ರ ಈ ಫ್ರೋಜನ್ ಕ್ಯಾರೆಟ್ ಬೇಡವೇ ಬೇಡ. ದೇವರಾಜ ಮಾರ್ಕೆಟ್‌ನಿಂದ ತಂದ ಊಟಿ ಕ್ಯಾರೆಟ್ ತುರಿದರೆ ಬರುವ ಕರುಕರು ಇದರಲ್ಲಿ ಎಲ್ಲಿಂದ ಬರಬೇಕು? ಹಲ್ವಕ್ಕೂ ಹಸಿ ಕ್ಯಾರೆಟ್ಟೇ ಆಗಬೇಕು. ಹುಳಿಗೆ ಹಾಕಬಹುದು, ಆದರೆ ಬೇಳೆ ಜೊತೆ ಕುಕ್ಕರ್‌ಗೆ ಹಾಕಬೇಡ, ಕರಗಿಹೋಗುತ್ತದೆ. ಹುಳಿ ಕುದಿ ಬಂದ ಮೇಲೆ ಹಾಕಿ ನಾಲ್ಕು ನಿಮಿಷ ಬಿಡು.

ಕೊಳ್ಳುವಾಗ ಪ್ಯಾಕೆಟ್ ಹಿಡಿದು ಅಲ್ಲಾಡಿಸು. ಬಿಲ್ಲೆಗಳು ಬಿಡಿಬಿಡಿಯಾಗಿ ಗಲಗಲ ಅಂದರೆ ತೆಗೆದುಕೋ. ಒಂದೇ ಗಡ್ಡೆಯಾಗಿದ್ದರೆ ಎಲ್ಲೋ ಕರಗಿ ಮತ್ತೆ ಹೆಪ್ಪುಗಟ್ಟಿರುವ ಸಾಧ್ಯತೆ ಹೆಚ್ಚು, ಹಾಗೇ ವಾಪಸ್ ಇಡು. ಹಿಂದೆ ಬರೆದಿರುವ ಪಟ್ಟಿಯಲ್ಲಿ ಕ್ಯಾರೆಟ್ ಬಿಟ್ಟು ಬೇರೇನೂ ಇರಬಾರದು. ಬೆಣ್ಣೆ ಸಾಸ್ ಸೇರಿಸಿದ ಪ್ಯಾಕೆಟ್‌ಗಳೂ ಪಕ್ಕದಲ್ಲೇ ಇರುತ್ತವೆ, ಅವು ಬೇಡ. ಒಡೆದ ಪ್ಯಾಕೆಟನ್ನು ಗಾಳಿ ಒತ್ತಿ ತೆಗೆದು ಬಿಗಿಯಾಗಿ ಕಟ್ಟು. ಫ್ರೀಜರ್ ಸೊನ್ನೆ ಫ್ಯಾರನ್‌ಹೀಟ್‌ನಲ್ಲಿರಲಿ.

ಭಾನುವಾರ ರಜೆ ಇದೆ ಅಂದೆಯಲ್ಲ, ಅವತ್ತೇ ಮಾಡಿ ನೋಡು. ನಿನ್ನದು ಕರೆಂಟ್ ಒಲೆ, ಕಾಯುವುದು ನಿಧಾನ. ನೀರು ಹೋಗಲು ಎಷ್ಟು ನಿಮಿಷ ಬೇಕಾಯಿತು, ಒಲೆ ಯಾವ ನಂಬರಿನಲ್ಲಿತ್ತು ಅಂತ ನನಗೆ ಬರೆ. ಅಮ್ಮ ಇಂಗು, ಒಣಗಿಸಿದ ಕರಿಬೇವು ಕಟ್ಟಿಟ್ಟಿದ್ದಾಳೆ. ಕಾಳುಮೆಣಸೂ ಬೇಕಾ, ತಿಳಿಸು.

ಇಂತಿ ನಿನ್ನ ಪ್ರೀತಿಯ,
ಅಪ್ಪ