ಕಡ್ಡಿಯ ಮ್ಯಾಚು, ಆಟದ ಮ್ಯಾಚು

ಪ್ರೀತಿಯ ತಂಗಿ,

ನಿನ್ನ ಲೇಖನ ನಿನ್ನೆ ರಾತ್ರಿ ಓದಿದೆ. ಬೆಂಕಿಕಡ್ಡಿಯ ಮ್ಯಾಚೂ ಕ್ರಿಕೆಟ್ ಮ್ಯಾಚೂ ಒಂದೇ ಬೇರಿನವು, ಎರಡರಲ್ಲೂ ತಿಕ್ಕಾಟ ಇದೆ, ಕಿಡಿ ಹಾರುತ್ತದೆ ಅಂತ ಬರೆದಿದ್ದೀಯ. ಓದಲು ಚೆನ್ನಾಗಿದೆ. ಆದರೆ ನಿಜ ಅಲ್ಲ, ತೆಗೆದುಹಾಕು.

ಅವು ಎರಡು ಬೇರೆ ಪದಗಳು. ಆಟದ ಮ್ಯಾಚ್ ಹಳೆಯ ಇಂಗ್ಲಿಷಿನದು. ಅಲ್ಲಿ ಅದು 'ಯೆಮ್ಯಾಚ್ಚ', ಅಂದರೆ ಜೊತೆಗಾರ, ಸರಿಸಮ, ಗಂಡ ಅಥವಾ ಹೆಂಡತಿ. ಸರಿಸಮರು ಎದುರುಬದುರು ನಿಂತರೆ ಪಂದ್ಯ, ಒಪ್ಪುವ ಇಬ್ಬರು ಸೇರಿದರೆ ಸಂಬಂಧ, ಸೀರೆಗೆ ಹೊಂದುವ ಬಟ್ಟೆ ಸಿಕ್ಕಿದರೆ ನಮ್ಮಮ್ಮಂದಿರ ಮ್ಯಾಚಿಂಗ್ ಬ್ಲೌಸ್, ಎಲ್ಲದರ ಒಳಗೂ ಜೋಡಿ ಅನ್ನುವ ಅರ್ಥವೇ ಕೂತಿದೆ. ಜಗಳದ ಪದ ಅಂತ ನೀನು ಅಂದುಕೊಂಡಿದ್ದು ಮೊದಲು ಸಂಸಾರದ ಪದವಾಗಿತ್ತು ನೋಡು! ನನಗೆ ಇದು ನಿನ್ನ ಕಿಡಿಗಿಂತ ಜಾಸ್ತಿ ಇಷ್ಟ.

ಕಡ್ಡಿಯ ಮ್ಯಾಚ್ ಬಂದದ್ದು ಫ್ರೆಂಚಿನಿಂದ. ಇವತ್ತಿಗೂ ಅಲ್ಲಿ 'ಮೆಶ್' ಅಂದರೆ ದೀಪದ ಬತ್ತಿ. ಹಳೇ ಕೋವಿಗಳಲ್ಲಿ ಮದ್ದಿಗೆ ಬೆಂಕಿ ಮುಟ್ಟಿಸುತ್ತಿದ್ದ, ಮೆಲ್ಲಗೆ ಉರಿಯುವ ಹುರಿಗೂ ಅದೇ ಹೆಸರಾಯಿತು. ಮ್ಯಾಚ್‌ಲಾಕ್ ಕೋವಿ ಅನ್ನುವುದು ಅದಕ್ಕೇ. ಗೀರಿದರೆ ಹೊತ್ತುವ ಕಡ್ಡಿಯನ್ನು ಇಂಗ್ಲೆಂಡಿನ ಸ್ಟಾಕ್‌ಟನ್ ಊರಿನ ಔಷಧ ವ್ಯಾಪಾರಿ ಜಾನ್ ವಾಕರ್ ಮಾರಲು ಶುರು ಮಾಡಿದ್ದು 1827ರಲ್ಲಿ. ಅದಕ್ಕೂ ಮುಂಚೆ ನೂರಾರು ವರ್ಷ ಆ ಪದ ಬತ್ತಿಗೆ, ಹುರಿಗೆ ಸೇರಿದ್ದು, ಉಜ್ಜುವ ಮಾತೇ ಇರಲಿಲ್ಲ. ನಿನ್ನ ವಾದ ಬೀಳುವುದು ಇಲ್ಲೇ.

ನಮ್ಮಲ್ಲೂ ಹೀಗೇ ಅಲ್ವಾ? 'ಕರಿ' ತಗೋ. ಬಣ್ಣದ ಕರಿ ನಮ್ಮದೇ. ಆನೆ ಅನ್ನುವ ಅರ್ಥದ ಕರಿ ಸಂಸ್ಕೃತದ್ದು, 'ಕರ' ಅಂದರೆ ಸೊಂಡಿಲು, ಅದು ಇರುವುದು ಕರಿ. ಆನೆ ಕಪ್ಪಗಿದೆ, ಅದಕ್ಕೇ ಕರಿ ಅಂತ ಬರೆದರೆ ಯಾರಿಗೂ ಅನುಮಾನ ಬರುವುದಿಲ್ಲ. ನಾನೇ ಒಮ್ಮೆ ಹಾಗೆ ಬರೆದೆ. ಅಚ್ಚಾದ ಮೇಲೆ ಒಬ್ಬ ಮೇಷ್ಟ್ರು ತಿದ್ದಿದರು, ಆದರೆ ಅಷ್ಟರಲ್ಲಿ ಓದಿದವರೆಲ್ಲ ಅದನ್ನು ನಂಬಿಬಿಟ್ಟಿದ್ದರು. ಅದು ನನಗೆ ಇವತ್ತಿಗೂ ನೋವು.

ಅದಕ್ಕೇ ಹೇಳುತ್ತೇನೆ, ಮೊದಲು ಹೊಳೆದ ಕಥೆಯನ್ನು ಸುಮ್ನೆ ನಂಬಬೇಡ. ದೊಡ್ಡ ಆಕ್ಸ್‌ಫರ್ಡ್ ನಿಘಂಟು ತೆರೆ. ಕನ್ನಡಕ್ಕೆ 1894ರ ಕಿಟೆಲ್ ಇದೆ. ಪದ ಒಂದೇ ಕಡೆ ಇದೆಯೋ, ಎರಡು ಕಡೆ ಬೇರೆ ಬೇರೆ ಕೊಟ್ಟಿದ್ದಾರೋ ನೋಡು. ಆಮೇಲೆ ಯಾವ ಅರ್ಥ ಮೊದಲು ಬಂತು ಅಂತ ನೋಡು.

ಲೇಖನವನ್ನು ಬತ್ತಿಯಿಂದ ಶುರು ಮಾಡಿ ಇನ್ನೊಮ್ಮೆ ಬರೆ. ಭಾನುವಾರದೊಳಗೆ ಕಳಿಸು, ಕಾಯುತ್ತಿರುತ್ತೇನೆ.

ನಿನ್ನ ಅಣ್ಣ