ಕೊರೊಗೆ, ಮತ್ತೆ ನಿಮಗೆಲ್ಲ

ಇವರು ಆಸ್ಪತ್ರೆಯಿಂದ ಮನೆಗೆ ಬಂದು ಇವತ್ತಿಗೆ ಒಂದು ವರ್ಷ. ಏನಾಗಿತ್ತು ಅನ್ನೋದು ನಿಮಗೆಲ್ಲ ಗೊತ್ತು. ಅದನ್ನು ಮತ್ತೆ ಬರೆಯಲು ಮನಸ್ಸಿಲ್ಲ.

ಸರದಿ ಹಾಕಿಕೊಂಡು ಅನ್ನ ಸಾರು ತಂದುಕೊಟ್ಟ, ನ್ಯೂಜಿಲೆಂಡಿನ ಈ ನಮ್ಮೂರು ಡುನೆಡಿನ್ನಿನ ಕನ್ನಡದ ಮನೆಗಳು, ಮಗಳನ್ನು ಶಾಲೆಗೆ ಬಿಟ್ಟವರು, ಕೇಳಿದಾಗೆಲ್ಲ ರಜೆ ಕೊಟ್ಟ ಆಫೀಸಿನವರು, ಹಾಸನದಲ್ಲಿ ಹರಕೆ ಹೊತ್ತ ಅತ್ತೆ, ಎಲ್ಲರಿಗೂ ಕೈ ಮುಗಿಯುತ್ತೇನೆ.

ಇನ್ನು ಕೊರೊ.

ಇಲ್ಲಿನ ಮೂಲನಿವಾಸಿಗಳಾದ ಮಾವೋರಿಗಳ ಭಾಷೆಯಲ್ಲಿ ಕೊರೊ ಅಂದರೆ ಅಜ್ಜ. ಪಕ್ಕದ ಮನೆಯ ಹಿರಿಯರನ್ನು ಮೊದಲು ಹಾಗೆ ಕರೆದವಳು ನನ್ನ ಮಗಳು. ಆಮೇಲೆ ನಮಗೂ ಅದೇ ಬಾಯಿಗೆ ಬಂತು.

ಬೆಳಗಾಗುವವರೆಗೆ ಏನೂ ಹೇಳೋಕಾಗಲ್ಲ ಅಂತ ಡಾಕ್ಟರ್ ಹೇಳಿದ ಆ ರಾತ್ರಿ, ಕೊರೊ ಒಂದು ಫ್ಲಾಸ್ಕ್ ಟೀ, ಒಂದು ಕಂಬಳಿ ಹಿಡಿದು ಬಂದರು. ಎಲ್ಲ ಸರಿಹೋಗುತ್ತೆ ಅಂತ ಒಮ್ಮೆಯೂ ಅನ್ನಲಿಲ್ಲ. ಸುಮ್ನೆ ಪಕ್ಕದಲ್ಲಿ ಕೂತರು. ತಡೆಯಲಾಗದೆ ನಾನೇ ಏನಾದರೂ ಮಾತಾಡಿ ಅಂದೆ. ಅವರ ಬಾಯಲ್ಲಿ ಬರೋದು ರಗ್ಬಿ. ಆಟಗಾರನಾಗಿದ್ದು ಆಮೇಲೆ ಕೋಚ್ ಆದ ಜೇಮೀ ಜೋಸೆಫ್ ಕಥೆ ಶುರು ಮಾಡಿದರು.

1969ರಲ್ಲಿ ಬ್ಲೆನಿಮ್‌ನಲ್ಲಿ ಹುಟ್ಟಿದ ಮಾವೋರಿ ಹುಡುಗ. ನಮ್ಮ ಪ್ರಾಂತ್ಯ ಒಟಾಗೊದ ತಂಡಕ್ಕೆ ಆಡಿ 1992ರಲ್ಲಿ ನ್ಯೂಜಿಲೆಂಡ್ ರಾಷ್ಟ್ರೀಯ ತಂಡವಾದ ಆಲ್ ಬ್ಲ್ಯಾಕ್ಸ್ ಸೇರಿದ. 20 ಟೆಸ್ಟ್ ಆಡಿದ. 1995ರ ವಿಶ್ವಕಪ್ ಫೈನಲ್‌ನಲ್ಲಿ ದಕ್ಷಿಣ ಆಫ್ರಿಕಾಕ್ಕೆ 15-12ರಲ್ಲಿ ಸೋತ ತಂಡದಲ್ಲಿದ್ದ. ಆಮೇಲೆ ಜಪಾನಿಗೆ ಹೋದ. 1999ರ ವಿಶ್ವಕಪ್‌ನಲ್ಲಿ ಜಪಾನ್ ಪರವಾಗಿಯೇ ಆಡಿದ. ಎರಡು ದೇಶಕ್ಕೆ ಆಡಬಹುದಾ ಅಂತ ಕೇಳಿದೆ. ಆಗ ಬಿಡ್ತಿದ್ದರು, ಆಮೇಲೆ ನಿಯಮ ಬಿಗಿಯಾಯಿತು ಅಂದರು. ಆ ರಾತ್ರಿ ನನಗೆ ಬೇರೆ ಯೋಚನೆ ಬಂದದ್ದು ಆಗಲೇ ಮೊದಲು.

ಇನ್ನೇನು ಗೆಲುವಿನ ಕಥೆ ಬರುತ್ತೆ ಅಂದುಕೊಂಡೆ. ಅವರು 2013ಕ್ಕೆ ಬಂದರು. ಜೋಸೆಫ್ ಆಗ ಸೂಪರ್ ರಗ್ಬಿ ಲೀಗಿನಲ್ಲಿ ಆಡುವ ನಮ್ಮೂರಿನ ತಂಡ ಹೈಲ್ಯಾಂಡರ್ಸ್‌ಗೆ ಕೋಚ್. ದೊಡ್ಡ ಹೆಸರಿನ ಆಟಗಾರರಿದ್ದೂ ಮೊದಲ ಎಂಟು ಪಂದ್ಯ ಸಾಲಾಗಿ ಸೋತರು. 16ರಲ್ಲಿ ಗೆದ್ದದ್ದು ಮೂರೇ. "ನಾನೂ ಅವನನ್ನ ಬೈದಿದ್ದೆ," ಅಂದರು ಕೊರೊ. "ಆದರೆ ಅವನು ಬಿಟ್ಟು ಹೋಗಲಿಲ್ಲ."

ನನಗೆ ಅಳು ಬಂತು. ಅದಕ್ಕೆ ಒಂದು ಗಂಟೆ ಮುಂಚೆ ಕಾರಿನ ಕೀ ಹಿಡಿದು ಬಾಗಿಲವರೆಗೂ ಹೋಗಿದ್ದೆ. ಎಲ್ಲಿಗಾದರೂ ಹೋಗಿಬಿಡೋಣ ಅನ್ನಿಸಿತ್ತು. ಇವರಿಗೆ ಇದನ್ನು ಹೇಳಿದ್ದು ಈ ವಾರ. ಕೊರೊಗೆ ಅವತ್ತೇ ಹೇಳಿದೆ. ಅವರು ಲೋಟಕ್ಕೆ ಟೀ ಬಗ್ಗಿಸಿ ಕೊಟ್ಟರು. ಕಥೆ ಮುಂದುವರಿಸಿದರು.

2015ರ ಫೈನಲ್. ವೆಲಿಂಗ್ಟನ್‌ನಲ್ಲಿ, ಹರಿಕೇನ್ಸ್‌ನವರ ಸ್ವಂತ ಮೈದಾನದಲ್ಲಿ. ಹೈಲ್ಯಾಂಡರ್ಸ್ 21-14ರಲ್ಲಿ ಗೆದ್ದು ಮೊದಲ ಸಲ ಸೂಪರ್ ರಗ್ಬಿ ಕಪ್ ತಂದರು. ಆಮೇಲೆ 2019ರ ವಿಶ್ವಕಪ್, ಜಪಾನಿನಲ್ಲೇ. ಜೋಸೆಫ್ ತಯಾರು ಮಾಡಿದ ಜಪಾನ್ ತಂಡ ಐರ್ಲೆಂಡನ್ನು 19-12ರಲ್ಲಿ ಸೋಲಿಸಿತು. ಸ್ಕಾಟ್ಲೆಂಡ್ ಪಂದ್ಯದ ಹಿಂದಿನ ರಾತ್ರಿ ಹಗಿಬಿಸ್ ಚಂಡಮಾರುತ. ಜನ ಸತ್ತಿದ್ದರು. ಪಂದ್ಯ ನಡೆಯುತ್ತೋ ಇಲ್ಲವೋ, ಬೆಳಗಾಗುವವರೆಗೆ ಯಾರಿಗೂ ಗೊತ್ತಿರಲಿಲ್ಲ. ನಡೆಯಿತು. 28-21ರಲ್ಲಿ ಗೆದ್ದು ಜಪಾನ್ ಮೊದಲ ಬಾರಿ ಕ್ವಾರ್ಟರ್ ಫೈನಲ್ ಮುಟ್ಟಿತು.

ಅಷ್ಟು ಹೇಳುವ ಹೊತ್ತಿಗೆ ಕಿಟಕಿಯಲ್ಲಿ ಬೆಳಕಿತ್ತು. ನರ್ಸ್ ಬಂದು ನನ್ನ ಹೆಸರು ಕರೆದರು. ಏಳುವಾಗ ಕಾಲು ನಿಲ್ಲಲಿಲ್ಲ. ಕೊರೊ ಕೈ ಹಿಡಿದುಕೊಂಡರು.

ಕೊರೊ, ಇದನ್ನು ಮಗಳು ನಿಮಗೆ ಇಂಗ್ಲಿಷಿನಲ್ಲಿ ಹೇಳುತ್ತಾಳೆ. 2024ರಲ್ಲಿ ಜೋಸೆಫ್ ಹೈಲ್ಯಾಂಡರ್ಸ್‌ಗೆ ವಾಪಸ್ ಬಂದರು ಅಂದಾಗ ನೀವು ಎಷ್ಟು ಖುಷಿಪಟ್ಟಿರಿ, ನನಗೆ ನೆನಪಿದೆ. ಇವರು ಈಗ ಮೆಟ್ಟಿಲು ಹತ್ತುತ್ತಾರೆ. ಮುಂದಿನ ಪಂದ್ಯಕ್ಕೆ ಟಿಕೆಟ್ ತೆಗೆದಿದ್ದೇವೆ, ನಿಮ್ಮ ಸೀಟು ನಮ್ಮಿಬ್ಬರ ನಡುವೆ. ಹೊರಡುವ ಮುಂಚೆ ಮನೆಗೆ ಬನ್ನಿ. ಅತ್ತೆ ಕಳಿಸಿದ ಕಾಫಿಪುಡಿ ಇದೆ.